ಕುಡಿದವರ ಕಲ್ಲು

ಕುಡಿತ ಬಿಡಿಸುವ ಔಷಧಿ ಕೇಳಿಕೊಂಡು ಹೋದ ನನ್ನ ಕೈಗೆ ಹುಬ್ಬಳ್ಳಿಯಲ್ಲಿ ಒಂದು ಸಲಿಕೆ ಕೊಟ್ಟರು.

ತಪ್ಪು ಮನೆಗೆ ಬಂದೆನೇನೋ ಎಂದು ನಾನು ತಿರುಗಿ ಬಾಗಿಲು ನೋಡಿದೆ. ಬಾಗಿಲು ನನ್ನ ಎದೆಯೆತ್ತರಕ್ಕೂ ಇರಲಿಲ್ಲ. ಸೊಂಟ ಬಗ್ಗಿಸಿಯೇ ಒಳಗೆ ಬಂದಿದ್ದೆ. ಒಳಗೆ ಅರೆಗತ್ತಲು, ಎಣ್ಣೆ ಮತ್ತು ಹುಳಿಮಜ್ಜಿಗೆಯ ವಾಸನೆ. ನಡುವೆ ಕೆಂಪು ಮಣ್ಣು ತುಂಬಿದ ಅಗಲವಾದ ಗುಂಡಿ, ಗೋಡೆಯ ಗೂಡಿನಲ್ಲಿ ಹನುಮಪ್ಪ, ಲಂಗೋಟಿ ಕಟ್ಟಿ ನಿಂತ ಏಳೆಂಟು ದಾಂಡಿಗರು. ಅವರ ನಡುವೆ ನಾನು, ಉದ್ದ ಕೋಟು, ನಡುಗುವ ಕೈ.

"ಹಿಡೀರಿ ಕಾರಕೂನ್ರ," ಎಂದ ನರೆಗಡ್ಡದ ಮುದುಕ. "ಕೋಟ ತಗದ ಅಲ್ಲಿ ಹಾಕ್ರಿ. ಈ ಮಣ್ಣ ಗಟ್ಟಿ ಆಗೇತಿ, ಹದಾ ಮಾಡ್ರಿ."

ಕಾರಕೂನ ಎಂದರೆ ಇಲ್ಲಿ ಗುಮಾಸ್ತ. ಈ ಮನೆಯನ್ನು ತಾಲೀಮು ಎನ್ನುತ್ತಾರೆ, ಕುಸ್ತಿ ಕಲಿಸುವ ಜಾಗ. ಮುದುಕನ ಹೆಸರು ಇಮಾಮಸಾಬ. ಹಗಲು ಟಾಂಗಾ ಕುದುರೆಗಳಿಗೆ ಲಾಳ ಕಟ್ಟುವ ಕೆಲಸ. ಬೆಳಿಗ್ಗೆ, ಸಂಜೆ ಈ ತಾಲೀಮಿನ ಉಸ್ತಾದ.

ನಾನು ಅಲ್ಲಿಗೆ ಬಂದು ನಿಂತದ್ದು ಹೇಗೆಂದು ಊರಿನವರಿಗೆ ಹೇಳಬೇಕು. ಈ ಹನ್ನೊಂದು ವರ್ಷಗಳಲ್ಲಿ ಊರಿಗೆ ಬರೆದ ಕಾಗದಗಳಲ್ಲೆಲ್ಲ ಹವೆ ಚೆನ್ನಾಗಿದೆ, ಆರೋಗ್ಯ ಚೆನ್ನಾಗಿದೆ ಎಂದು ಬರೆದು ಮುಗಿಸಿದ್ದೇನೆ.

ಮಂಗಳೂರಿನ ಬಳಿ ನಮ್ಮದು ತೆಂಗಿನ ಮರದಿಂದ ಕಳ್ಳು ಇಳಿಸುವವರ ಮನೆ. ಅಪ್ಪ ಇಳಿಸಿ ತರುತ್ತಿದ್ದ, ಅಪ್ಪೆ ಅಳೆದು ಕೊಡುತ್ತಿದ್ದಳು. ಅಪ್ಪೆ ಎಂದರೆ ನಮ್ಮ ತುಳುವಿನಲ್ಲಿ ತಾಯಿ. ಅಪ್ಪನಾಗಲಿ ಅಣ್ಣನಾಗಲಿ ಬಾಯಿಗೆ ತೊಟ್ಟು ಹಾಕಿದವರಲ್ಲ. ಶಾಲೆಗೆ ಹೋಗಿ ನಾಲ್ಕಕ್ಷರ ಕಲಿತು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾದ ನಾನೇ ಕುಡುಕನಾದೆ. ಒಂದು ದಿನ ಅಂಗಳದಲ್ಲಿ ಬಿದ್ದಿದ್ದ ನನ್ನ ಮುಖಕ್ಕೆ ಅಪ್ಪೆ ಒಂದು ಕೊಡ ನೀರು ಸುರಿದು ಹೇಳಿದಳು: "ಕುಡಿಯದ ಬಾಯಿಂದ ಬಂದು ಅಪ್ಪೇ ಅಂತ ಕರೆ. ಎಷ್ಟು ಹೊತ್ತಿಗಾದರೂ ಬಾಗಿಲು ತೆಗೆಯುತ್ತೇನೆ. ಅಲ್ಲಿವರೆಗೆ ಈ ಅಂಗಳಕ್ಕೆ ಕಾಲಿಡಬೇಡ."

ಅಣ್ಣ ಕಾರ್ಖಾನೆಯವರ ಕೈಕಾಲು ಹಿಡಿದು ನನ್ನನ್ನು ಹುಬ್ಬಳ್ಳಿಯ ಹೆಂಚಿನ ಡಿಪೋಕ್ಕೆ ವರ್ಗ ಮಾಡಿಸಿದ. ಅವನ ಯೋಚನೆ ಸರಳ. ಅಲ್ಲಿ ತೆಂಗಿನ ಮರಗಳೇ ಇಲ್ಲವಂತೆ, ಇನ್ನು ಕುಡಿಯುವುದೇನನ್ನು? ಮರ ಹತ್ತಿ ಬದುಕಿದವರ ಲೆಕ್ಕ ಅದು. ಸ್ಟೀಮರಿನಲ್ಲಿ ಕಾರವಾರಕ್ಕೆ ಬಂದು, ಮೋಟಾರಿನಲ್ಲಿ ಘಟ್ಟ ಹತ್ತಿ, ಹುಬ್ಬಳ್ಳಿಯಲ್ಲಿ ಇಳಿದ ಮೊದಲ ಸಂಜೆಯೇ ಸಾರಾಯಿ ಅಂಗಡಿ ತನ್ನಷ್ಟಕ್ಕೆ ನನಗೆ ಎದುರಾಯಿತು. ಕಳ್ಳು ನೊರೆಯಾಗಿ ಮೆಲ್ಲನೆ ಏರುತ್ತದೆ. ಇಲ್ಲಿಯ ಸಾರಾಯಿ ಗಂಟಲಿಗೆ ಕೊಳ್ಳಿಯಿಟ್ಟು ಇಳಿಯುತ್ತಿತ್ತು. ಎರಡೇ ತಿಂಗಳಲ್ಲಿ ಬೆಳಿಗ್ಗೆ ಕುಡಿಯದಿದ್ದರೆ ಪೆನ್ನು ಹಿಡಿಯಲಾರದ ಸ್ಥಿತಿಗೆ ಬಂದೆ.

ಹಳೇ ಹುಬ್ಬಳ್ಳಿಯಲ್ಲಿ ಗಂಗವ್ವ ಎಂಬ ವಿಧವೆಯ ಮನೆಯ ಒಂದು ಕೋಣೆ ಹಿಡಿದಿದ್ದೆ. ಮನೆಗಳಿಗೆ ಇಲ್ಲಿ ಹೆಂಚಿಲ್ಲ, ಮಾಳಿಗೆ. ಅಂದರೆ ತೊಲೆಗಳ ಮೇಲೆ ಮಣ್ಣು ಹಾಕಿ ಬಡಿದ ಸಪಾಟಾದ ಚಾವಣಿ. ಹಗಲೆಲ್ಲ ಹೆಂಚಿನ ಗುಣಗಾನ ಮಾಡಿ ಸಂಜೆ ಮಣ್ಣಿನ ಮಾಳಿಗೆಯ ಕೆಳಗೆ ಮಲಗುವವನು ನಾನು. ಕುಚ್ಚಲಕ್ಕಿ ಗಂಜಿಗೆ ಒಗ್ಗಿದ ಹೊಟ್ಟೆಗೆ ಜೋಳದ ರೊಟ್ಟಿ ಕಲ್ಲಿನಂತೆ ಕೂರುತ್ತಿತ್ತು. ಮೀನಿನ ಮಾತಂತೂ ಬೇಡ. ಮಳೆ ಬಂದರೆ ಎರೆಮಣ್ಣು ಚಪ್ಪಲಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುತ್ತಿತ್ತು. ಇವೆಲ್ಲ ಹೇಗೋ ಅಭ್ಯಾಸವಾದವು. ಅಭ್ಯಾಸವಾಗದ್ದು ಒಂದೇ: ಇಡೀ ದಿನ ತುಳುವಿನ ಒಂದು ಮಾತೂ ಕಿವಿಗೆ ಬೀಳದಿರುವುದು. ಕೆಲವು ಸಂಜೆ ನಾನೇ ಕೋಣೆಯಲ್ಲಿ ಜೋರಾಗಿ ತುಳು ಮಾತಾಡಿಕೊಂಡು, ಗಂಗವ್ವ ಕೆಮ್ಮಿದರೆ ಸುಮ್ಮನಾಗುತ್ತಿದ್ದೆ.

ಬಿಡಬೇಕೆಂದು ಖಂಡಿತ ಅನಿಸಿತ್ತು. ಬಿಟ್ಟರೆ ಆ ಬಾಗಿಲಿಗೆ ಹೋಗಿ ಕರೆಯಬಹುದು. ಬಿಡುವುದು ಹೇಗೆಂದು ಹೇಳುವವರು ಬೇಕಿತ್ತು. ಒಬ್ಬ ಡಾಕ್ಟರರು ನಾಲಗೆ ನೋಡಿ, "ಇದು ಜಡ್ಡಲ್ಲರಿ, ಚಟಾ. ಮನಸ್ಸು ಗಟ್ಟಿ ಮಾಡ್ರಿ," ಎಂದರು. ಜಡ್ಡು ಎಂದರೆ ಇಲ್ಲಿ ರೋಗ. ರೋಗವಲ್ಲ ಎಂದ ಮೇಲೆ ಔಷಧಿಯೂ ಇಲ್ಲ. ಧಾರವಾಡದ ವೈದ್ಯರೊಬ್ಬರು ನಿಶ್ಶಕ್ತಿ ಹೋಗಲೆಂದು ಒಂದು ಅರಿಷ್ಟ ಕೊಟ್ಟರು. ಅದು ಸಿಹಿಯಾಗಿತ್ತು, ಒಗರಾಗಿತ್ತು, ಸ್ವಲ್ಪ ಏರುತ್ತಲೂ ಇತ್ತು. ಹದಿನೈದು ದಿನದ ಬಾಟಲಿಯನ್ನು ಎರಡು ದಿನದಲ್ಲಿ ಮುಗಿಸಿ ಇನ್ನೊಂದಕ್ಕೆ ಹೋದಾಗ ಅವರು ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕೈಮುಗಿದರು. ಕೈಮುಗಿಯುವವರು ಆಗ ಬಹಳ ಜನ. ಸ್ವಾತಂತ್ರ್ಯ ಚಳವಳಿಯ ಕಾಲ, ಸಾರಾಯಿ ಅಂಗಡಿಯ ಮುಂದೆ ಬಿಳಿ ಟೊಪ್ಪಿಗೆಯ ಸ್ವಯಂಸೇವಕರು ನಿಂತು "ಬ್ಯಾಡ್ರಿ ಯಪ್ಪಾ" ಎಂದು ಕೈಮುಗಿಯುತ್ತಿದ್ದರು. ನಾನೂ ತಿರುಗಿ ಕೈಮುಗಿದು, ಸುತ್ತಿಕೊಂಡು ಹಿಂಬಾಗಿಲಿಂದ ಹೋಗುತ್ತಿದ್ದೆ.

ಕೊನೆಗೆ ಗಂಗವ್ವನೇ ಬಾಯಿ ಬಿಟ್ಟಳು. "ದವಾಖಾನಿ ಅಡ್ಡಾಡಿ ಏನ್ ಮಾಡ್ತೀರಿ? ನಮ್ಮ ತಮ್ಮಂದೂ ಹಿಂಗ ಇತ್ತು. ತಾಲೀಮಿಗೆ ಹೋಗ್ರಿ, ಇಮಾಮಸಾಬಗ ನನ್ನ ಹೆಸರ ಹೇಳ್ರಿ."

ಹಾಗೆ ಸಲಿಕೆ ನನ್ನ ಕೈಗೆ ಬಂತು. ಉಸ್ತಾದ ಆಣೆ ಹಾಕಿಸಲಿಲ್ಲ, ಬುದ್ಧಿ ಹೇಳಲಿಲ್ಲ. ಬಾಗಿಲ ಹೊರಗೆ, ಬೇವಿನ ಮರದ ಕೆಳಗಿದ್ದ ಒಂದು ಹಾಸುಗಲ್ಲನ್ನು ತೋರಿಸಿದ.

"ದಿನಾ ಬರಬೇಕ್ರಿ. ಕುಡದ್ರೂ ಬರಬೇಕು, ಬಿಟ್ರೂ ಬರಬೇಕು. ಕುಡದ ದಿನಾ ಒಳಗ ಕಾಲಿಡಬ್ಯಾಡ್ರಿ, ಆ ಕಲ್ಲ ಮ್ಯಾಲ ಕುಂದರ್ರಿ. ಕುಡೀಲಾರದ ದಿನಾ ಒಳಗ ಬಂದು ಮಣ್ಣ ಹದಾ ಮಾಡ್ರಿ. ಯಾರೂ ಏನೂ ಕೇಳಂಗಿಲ್ಲ."

"ಇಷ್ಟೇಯಾ?" ಎಂದೆ.

"ಇಷ್ಟ ಮಾಡಿ ತೋರಸ್ರಿ," ಎಂದ.

ಮೊದಲ ತಿಂಗಳು ನಾನು ಮಣ್ಣಿಗಿಂತ ಕಲ್ಲಿನ ಮೇಲೆಯೇ ಹೆಚ್ಚು ಇದ್ದೆ. ಪೈಲ್ವಾನರು ಒಬ್ಬೊಬ್ಬರಾಗಿ ಬಂದು, ನನ್ನನ್ನು ನೋಡಿ, ಏನೂ ಕೇಳದೆ ಬಗ್ಗಿ ಒಳಗೆ ಹೋಗುತ್ತಿದ್ದರು. ಒಂದು ಬೈಗುಳ ಬಿದ್ದಿದ್ದರೆ ನಾನೂ ಬೈದು ಎದ್ದು ಹೋಗುತ್ತಿದ್ದೆ. ಅವರು ಸುಮ್ಮನಿದ್ದದ್ದರಿಂದ ಹೋಗಲಿಕ್ಕೆ ನೆಪ ಸಿಗಲಿಲ್ಲ. ಕುಡಿಯದೆ ಎರಡು ದಿನ ಕಳೆದಾಗ ಮೈಯೆಲ್ಲ ನಡುಕ ಹತ್ತಿ ಗುಂಡಿಯ ಪಕ್ಕದಲ್ಲೇ ಬಿದ್ದೆ. ಅಮ್ಮಿನಬಾವಿಯ ಬಸಪ್ಪ ಎಂಬ ಪೈಲ್ವಾನ ನನ್ನ ಮೈಗೆ ಎಣ್ಣೆ ತಿಕ್ಕಿದ, ನುಚ್ಚು ಮಜ್ಜಿಗೆ ಕುಡಿಸಿದ. ಹೆತ್ತವರು ಕೂಸಿಗೆ ಮಾಡುವ ಹಾಗೆ ಬಾಯಿ ಒರೆಸಿದ. ನನಗೆ ಅಳು ಬಂತು. ಅವನು ಅದನ್ನೂ ಕೇಳಲಿಲ್ಲ.

ಆಮೇಲೆ ಕೆಲಸ ಮೈಗೆ ಹಿಡಿಯಿತು. ಮಣ್ಣನ್ನು ಅಡಿಮೇಲು ಮಾಡಬೇಕು, ಹರಳು ಹೆಕ್ಕಬೇಕು, ಮಜ್ಜಿಗೆ, ಎಣ್ಣೆ, ಅರಿಸಿನ ಹಾಕಿ ಕಾಲಿಂದ ತುಳಿಯಬೇಕು. ಬಿದ್ದವನಿಗೆ ಪೆಟ್ಟಾಗಬಾರದು, ಹಾಗಿರಬೇಕು ಮಣ್ಣು. ನಮ್ಮಲ್ಲಿ ಮಣ್ಣನ್ನು ಸುಟ್ಟು ಗಟ್ಟಿ ಮಾಡಿ ಹೆಂಚು ಮಾಡುತ್ತಾರೆ. ಇಲ್ಲಿ ಅದನ್ನು ಮೆತ್ತಗೆ ಇಡಲಿಕ್ಕೆ ಇಷ್ಟು ಜನರ ಬೆವರು. ನಾನು ಕುಸ್ತಿ ಹಿಡಿದವನಲ್ಲ, ನನಗೆ ಯಾರೂ ಹಿಡಿಯೆಂದೂ ಅನ್ನಲಿಲ್ಲ. ಆದರೆ ಬಸಪ್ಪ ಎದುರಾಳಿಯನ್ನು ಎತ್ತಿ ಕೆಡವಿ, ಬಿದ್ದವನು ನಗುತ್ತ ಎದ್ದಾಗ, ಅದರಲ್ಲಿ ನನ್ನದೂ ಪಾಲಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಕುಡಿಯದ ದಿನಗಳನ್ನು ಎಣಿಸತೊಡಗಿದೆ. ನಲವತ್ತೊಂದು ದಿನ ಒಂದೇ ಸಮನೆ ಮಣ್ಣಿಗಿಳಿದರೆ ಊರಿಗೆ ಹೋಗಿ ಬಾಗಿಲ ಮುಂದೆ ನಿಂತು ಕರೆಯುವುದೆಂದು ನಿಶ್ಚಯಿಸಿದೆ. ಇದನ್ನು ಅಪ್ಪೆಗೆ ಬರೆಯಲಿಲ್ಲ. ಬಾಯಿಯಿಂದಲೇ ತಿಳಿಯಲಿ ಎಂಬ ಹಟ.

ಇಪ್ಪತ್ತೊಂಬತ್ತನೆಯ ದಿನ ಮಧ್ಯಾಹ್ನ ಡಿಪೋಕ್ಕೆ ಅಣ್ಣನ ತಂತಿ ಬಂತು. ಅಪ್ಪೆ ಅಂದು ಬೆಳಗಿನ ಜಾವವೇ ತೀರಿಕೊಂಡಿದ್ದಳು. ಮಳೆಗಾಲ, ಸ್ಟೀಮರು ನಿಂತಿತ್ತು. ಹೇಗೆ ಓಡಿದರೂ ಬೆಂಕಿಗೆ ಮುಂಚೆ ತಲುಪುವಂತಿರಲಿಲ್ಲ.

ಡಿಪೋದಿಂದ ಹೊರಬಿದ್ದೆ. ಮಳೆಗೆ ಸ್ವಯಂಸೇವಕರೂ ಇರಲಿಲ್ಲ, ಸಾರಾಯಿ ಅಂಗಡಿಯ ಮುಂಬಾಗಿಲೇ ತೆರೆದಿತ್ತು. ಎಷ್ಟು ಹೊತ್ತು ಅದರ ಮುಂದೆ ನಿಂತೆನೋ. ಇನ್ನು ಯಾರಿಗಾಗಿ ಬಿಡಬೇಕು? ಕರೆದರೆ ತೆಗೆಯುವವಳೇ ಹೋದಳು. ಇಪ್ಪತ್ತೆಂಟು ದಿನ ಕಟ್ಟಿಕೊಂಡು ನಾನೇನು ಮಾಡಲಿ? ಅಂಗಡಿಯವನು ಗುರುತು ಹಿಡಿದು, "ಬರ್ರಿ, ಭಾಳ ದಿವಸಾತು," ಎಂದ. ಆ ಪ್ರೀತಿಯ ದನಿ ನನ್ನನ್ನು ಹೆದರಿಸಿತು. ಅಲ್ಲಿಂದ ಕಾಲು ಕಿತ್ತವನು ನಿಂತದ್ದು ತಾಲೀಮಿನ ಬಾಗಿಲಲ್ಲಿ.

ಬಗ್ಗಿ ಒಳಗೆ ಹೋಗಬೇಕು, ಆಗ ನೆನಪಾಯಿತು: ನನಗೆ ಸೂತಕ. ನಮ್ಮಲ್ಲಿ ಸಾವಾದ ಮನೆಯವರು ದೈವಸ್ಥಾನದ ಮೆಟ್ಟಿಲೂ ತುಳಿಯುವುದಿಲ್ಲ. ಒಳಗೆ ಹನುಮಪ್ಪನಿದ್ದಾನೆ, ಅವನೆದುರಿನ ಮಣ್ಣನ್ನು ಪೈಲ್ವಾನರು ಹಣೆಗೆ ಹಚ್ಚಿಕೊಳ್ಳುತ್ತಾರೆ. ನಾನು ಹೇಗೆ ಮುಟ್ಟಲಿ? ಬೇರೆ ಜಾಗ ತೋಚದೆ ಕಲ್ಲಿನ ಮೇಲೆ ಕೂತೆ.

ಬಸಪ್ಪ ಮೊದಲು ಬಂದ. ನನ್ನನ್ನು ಕಂಡು ಅವನ ಮುಖ ಇಳಿದುಹೋಯಿತು. ತಲೆ ತಗ್ಗಿಸಿ ಒಳಗೆ ಹೋದ. ಹಿಂದೆಯೇ ಇನ್ನೊಬ್ಬ, ಮತ್ತೊಬ್ಬ. ಯಾರೂ ಏನೂ ಕೇಳಲಿಲ್ಲ. ಆಗಲೇ ನನಗೆ ಹೊಳೆದದ್ದು, ಇವರೆಲ್ಲ ನಾನು ಕುಡಿದಿದ್ದೇನೆಂದು ತಿಳಿದಿದ್ದಾರೆ. ಜೀವಮಾನದಲ್ಲೇ ಬಿಡಲು ಅತಿ ಕಷ್ಟವಾದ ದಿನವೇ ಕುಡಿಯದೆ ಬಂದಿದ್ದೆ. ಅದೇ ದಿನ ಕುಡುಕನಾಗಿ ಕಂಡೆ. ಕೂಗಿ ಹೇಳೋಣವೆಂದು ಬಾಗಿಲವರೆಗೆ ಹೋಗಿ, ಹೇಳಬೇಕಾದ ಮಾತು ನೆನೆದು ಮತ್ತೆ ಬಂದು ಕೂತೆ. ಹುಬ್ಬಳ್ಳಿಯಲ್ಲಿ ನನಗೆ ಯಾರೂ ಇಲ್ಲವೆಂದು ಅವತ್ತು ಅನಿಸಿದಷ್ಟು ಇನ್ನೆಂದೂ ಅನಿಸಿಲ್ಲ.

ಸ್ವಲ್ಪ ಹೊತ್ತಿಗೆ ಉಸ್ತಾದ ಹೊರಗೆ ಬಂದ. ನನ್ನ ಹತ್ತಿರ ಮುಖ ತಂದು ಮೂಸಿದ. ತಾನೇ ಹಾಕಿದ ನಿಯಮ ಮುರಿದು ಕೇಳಿದ. "ವಾಸನಿ ಇಲ್ಲಲ್ಲರಿ. ಯಾಕ ಇಲ್ಲಿ ಕುಂತೀರಿ?"

ತಂತಿ ಕೊಟ್ಟೆ. "ನನಗ ಓದಾಕ ಬರಂಗಿಲ್ಲ, ನೀವ ಹೇಳ್ರಿ," ಎಂದ. ಆಗ ಮೊದಲ ಸಲ ನನ್ನ ಬಾಯಿಂದ ಆ ಮಾತು ಹೊರಬಂತು: "ನಮ್ಮ ತಾಯಿ ಹೋದಳು." ಸೂತಕವಾದ್ದರಿಂದ ಒಳಗೆ ಬರಲಿಲ್ಲವೆಂದೂ ಹೇಳಿದೆ.

ಅವನು ತಾನು ಸುತ್ತಿದ್ದ ರುಮಾಲು ಬಿಚ್ಚಿ ನನ್ನ ತಲೆಗೆ ಹೊದಿಸಿದ. "ಏಳೋ ತಮ್ಮಾ, ಒಳಗ ಬಾ. ಮಣ್ಣಿಗೆಲ್ಲಿ ಸೂತಕ?" ಅಂದಿನಿಂದ ನಾನು ಅವನಿಗೆ ಕಾರಕೂನನಲ್ಲ.

"ಬೇಡ ಉಸ್ತಾದ. ನಮ್ಮಲ್ಲಿ ಆಗುವುದಿಲ್ಲ."

"ಹಂಗಾರ ನಾನೂ ಇಲ್ಲೇ ಕುಂದರ್ತೇನಿ," ಎಂದು ಪಕ್ಕದಲ್ಲಿ ಕೂತುಬಿಟ್ಟ, ಕುಡಿದವರ ಕಲ್ಲಿನ ಮೇಲೆ, ಬರಿಯ ನರೆತಲೆಯಲ್ಲಿ, ಆ ಮಳೆಯಲ್ಲಿ. ಉಸ್ತಾದನನ್ನು ಹುಡುಕಿ ಬಸಪ್ಪ ಇಣುಕಿದ. ಕಂಡವನು ದಂಗಾದ. ಉಸ್ತಾದ ಎರಡೇ ಮಾತಿನಲ್ಲಿ ಹೇಳಿದ. ಬಸಪ್ಪ ಬಂದು ನನ್ನ ಕಾಲ ಬಳಿ ಕೆಸರಿನಲ್ಲೇ ಕೂತ. ಆಮೇಲೆ ಉಳಿದವರು ಬಂದರು. ಆ ಸಂಜೆ ತಾಲೀಮು ನಡೆಯಲಿಲ್ಲ.

ಮರುದಿನ ರೈಲು ಹತ್ತಿದೆ. ಬೀರೂರು, ಶಿವಮೊಗ್ಗ, ಆಗುಂಬೆ ಘಟ್ಟ, ತುಂಬಿದ ಹೊಳೆಗಳು. ಮನೆ ಮುಟ್ಟಿದವನು ಅಂಗಳಕ್ಕೆ ಕಾಲಿಡದೆ ಬೇಲಿಯ ಹೊರಗೆ ನಿಂತು "ಅಪ್ಪೇ" ಎಂದು ಕರೆದೆ. ಹುಚ್ಚುತನವೆಂದು ಗೊತ್ತಿತ್ತು. ಒಳಗಿಂದ ಅಪ್ಪ ಯಾರೆಂದು ಕೇಳಿದ, ಅಣ್ಣ ಬಾಗಿಲು ತೆಗೆದ. ಬಂದು ನನ್ನ ಬಾಯಿ ಮೂಸಿ, ತಬ್ಬಿಕೊಂಡು ಗೋಳೋ ಎಂದು ಅತ್ತ.

ಹದಿಮೂರನೆಯ ದಿನ ಬೊಜ್ಜ, ಉತ್ತರಕ್ರಿಯೆ. ನನ್ನ ಲೆಕ್ಕದಲ್ಲಿ ಅದು ಸರಿಯಾಗಿ ನಲವತ್ತೊಂದನೆಯ ದಿನ. ನಮ್ಮ ಮನೆಯ ಪದ್ಧತಿಯಂತೆ ಅಪ್ಪೆಯ ಎಡೆಗೆ ಕಳ್ಳಿಟ್ಟು, ಆ ಪಾಲನ್ನು ಮಕ್ಕಳು ಒಂದು ಗುಟುಕು ಕುಡಿಯಬೇಕು. ಎಂದೂ ಮುಟ್ಟದ ಅಣ್ಣನೂ ಅವತ್ತು ಕುಡಿದ. ನಾನು ಕುಡಿಯಲಿಲ್ಲ.

"ಊರೆಲ್ಲ ಕುಡಿದವನಿಗೆ ತಾಯಿಯ ಪಾಲು ಮಾತ್ರ ಬೇಡವಾಯಿತಾ?" ಎಂದು ಸೋದರಮಾವ ಎಲ್ಲರ ಮುಂದೆ ಕೇಳಿದರು. ಅವರದು ತಪ್ಪಲ್ಲ. ನನ್ನದೂ ತಪ್ಪಲ್ಲ. ಆದರೆ ಕುಡುಕನಾಗಿದ್ದಾಗ ನಾನು ಆ ಊರಿನವನೇ ಆಗಿದ್ದೆ. ಕುಡಿಯದ ಆ ದಿನದಿಂದ ನೆಂಟನಾದೆ. ವಾರದಲ್ಲಿ ಹುಬ್ಬಳ್ಳಿಗೆ ತಿರುಗಿದೆ. ಆಮೇಲೆ ಎಷ್ಟೋ ಸಲ ಊರಿಗೆ ಹೋಗಿದ್ದೇನೆ, ಆ ಮನೆಯಲ್ಲಿ ಎಲ್ಲಿ ಕೂರಬೇಕೆಂದು ಈಗಲೂ ತಿಳಿಯುವುದಿಲ್ಲ.

ಇಮಾಮಸಾಬ ಉಸ್ತಾದ ತೀರಿ ಮೂರು ವರ್ಷವಾಯಿತು. ಮಣ್ಣಿನ ಉಸ್ತುವಾರಿ ಈಗ ನನ್ನದು. ಔಷಧಿ ಕೇಳಿಕೊಂಡು ಬಂದವರಿಗೆ ಸಲಿಕೆ ಕೊಡುವವನೂ ನಾನೇ, ಹೊಸಬರ ಬಾಯಲ್ಲಿ ನಾನು ಕಾಕಾ. ಜೋಳದ ರೊಟ್ಟಿ ಇಳಿಯುತ್ತದೆ. ಗಂಗವ್ವನ ಮಾಳಿಗೆಗೆ ಹೆಂಚು ಹಾಕಿಸೋಣವೆಂದರೆ ಅವಳು ಇನ್ನೂ ಒಪ್ಪಿಲ್ಲ.

ಅಪ್ಪೆ ಹೋದ ದಿನ ಮಾತ್ರ ಪ್ರತಿವರ್ಷ ನಾನು ಒಳಗೆ ಹೋಗುವುದಿಲ್ಲ. ಕಲ್ಲಿನ ಮೇಲೆ ಕೂರುತ್ತೇನೆ. ಈ ವರ್ಷ ಹೊಸದಾಗಿ ಸೇರಿದ ರೈಲ್ವೆ ಫಿಟರೊಬ್ಬ ನನ್ನನ್ನು ಕಂಡು ಬಸಪ್ಪನಿಗೆ ಪಿಸುಗುಟ್ಟಿದ: "ಅಯ್ಯ, ಕಾಕಾನ ಕುಡದ ಬಂದಾನಲ್ಲೋ!"

"ಸುಮ್ನ ಒಳಗ ನಡಿ," ಎಂದ ಬಸಪ್ಪ. "ಇಲ್ಲಿ ಯಾರನ್ನೂ ಕೇಳಬಾರದು."

ಅವರು ಬಗ್ಗಿ ಒಳಗೆ ಹೋದರು. ಸಲಿಕೆಯ ಸಪ್ಪಳ ಸುರುವಾಯಿತು. ನಾನು ಘಟ್ಟದ ದಿಕ್ಕಿಗೆ ಮುಖ ಮಾಡಿ ಕೂತು, ಮೆಲ್ಲನೆ ಒಂದು ಸಲ "ಅಪ್ಪೇ" ಎಂದೆ.