ಇನ್ನಾಸಪ್ಪನವರ ಅರ್ಜಿ

ಮುದಗಲ್ಲಿನ ನಮ್ಮ ಓಣಿಯಲ್ಲಿ ಹೆಂಗಸರನ್ನು ಹೆಸರು ಹಿಡಿದು ಕರೆಯುತ್ತಿದ್ದ ಗಂಡಸು ಇನ್ನಾಸಪ್ಪನವರೊಬ್ಬರೇ. ಉಳಿದವರ ಬಾಯಲ್ಲಿ ಅವರೆಲ್ಲ ಇಂಥವನ ಹೆಂಡತಿ, ಇಂಥವನ ತಾಯಿ. ಕ್ಯಾಥೊಲಿಕ್ ಚರ್ಚಿನ ಉಪದೇಶಿಯಾದ ಅವರು ಮನೆಮನೆಗೆ ಹೋಗಿ ಜಪ ಕಲಿಸುತ್ತಿದ್ದರು. "ಲೂರ್ದಮ್ಮಾ, ಮರಿಯಮ್ಮಾ, ಬರ್ರಿ" ಎಂದು ಕೂಗಿದರೆ ಕೋಟೆಯ ಬಾಗಿಲಿನ ತನಕ ಕೇಳುತ್ತಿತ್ತು. ನಾನಾಗ ಅಲ್ಲಿಯ ಶಾಲೆಗೆ ಹೊಸದಾಗಿ ಬಂದ ಮಾಸ್ತರ, ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. "ಜ್ಞಾನಸ್ನಾನದಾಗ ಇಟ್ಟ ಹೆಸರು ಮುಚ್ಚಿಡಾಕಲ್ರೀ ಮಾಸ್ತರ" ಎನ್ನುತ್ತಿದ್ದರು.

ನಿಜಾಮರ ಆಳ್ವಿಕೆ ಹೋಗಿ ಎಲ್ಲರಿಗೂ ಓಟು ಬಂತೆಂದಾಗ ಅವರು ಮಕ್ಕಳಂತೆ ಹಿಗ್ಗಿದ್ದರು. ಆದರೆ ಓಟಿನ ಪಟ್ಟಿಗೆ ಹೆಸರು ಬರೆಯುವವರು ಓಣಿಗೆ ಬಂದಾಗ ಇನ್ನಾಸಪ್ಪನವರು ಜಪ ಕಲಿಸಲು ಸಾಲಗುಂದದ ಕಡೆ ಹೋಗಿದ್ದರು. ಕಡೆಗೆ ಪಟ್ಟಿ ಹೊರಬಿದ್ದಾಗ ನೋಡಿದರೆ, ಓಣಿಯ ಹೆಂಗಸರಲ್ಲಿ ಬಹಳ ಜನ ಅದರಲ್ಲಿಲ್ಲ. ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ ಎಂದಷ್ಟೇ ಹೇಳಿದವರನ್ನೆಲ್ಲ ಮೇಲಿನಿಂದ ಬಂದ ಹುಕುಮಿನಂತೆ ಹೊಡೆದುಹಾಕಿದ್ದರು. ಇನ್ನಾಸಪ್ಪನವರ ಹೆಂಡತಿ ಅನ್ನಮ್ಮನೂ "ಉಪದೇಶಿ ಹೆಂಡ್ತಿ" ಎಂದಷ್ಟೇ ಬರೆಸಿದ್ದಳು.

"ನೀನೂ ಹೇಳಲಿಲ್ಲೇನು?" ಎಂದು ಕೇಳಿದರು.

"ಗುರ್ತಿಲ್ಲದ ಗಂಡಸು ಬಾಗಲಾಗ ನಿಂತು ಹೆಸರು ಕೇಳಿದ್ರ ಹೆಂಗ ಹೇಳ್ಲಿ?" ಎಂದಳು ಆಕೆ.

ಇನ್ನಾಸಪ್ಪನವರು ಲಿಂಗಸುಗೂರಿನ ತಾಲೂಕು ಕಚೇರಿಗೆ ಹೋಗಿ ವಿಚಾರಿಸಿದರು. ತಿದ್ದುವ ಗಡುವು ಮುಗಿದಿತ್ತು.

ಓಟಿನ ದಿನ ಅನ್ನಮ್ಮ ಮದುವೆಯ ಸೀರೆ ಉಟ್ಟು ಗಂಡನ ಜೊತೆ ಮತಗಟ್ಟೆಗೆ ಬಂದಳು. ಬೇಡವೆಂದು ಯಾರಿಗೂ ಅವಳನ್ನು ತಡೆಯಲಾಗಲಿಲ್ಲ. ಮೇಜಿನ ಮುಂದೆ ನಿಂತು ಸೆರಗು ಸರಿಮಾಡಿಕೊಂಡು, "ಈಗ ಹೇಳ್ತೀನ್ರಿ. ನನ್ನ ಹೆಸರು ಅನ್ನಮ್ಮ" ಎಂದಳು.

ಅಲ್ಲಿದ್ದ ಅಧಿಕಾರಿ ಒಳ್ಳೆಯವರೇ. "ಇವತ್ತು ಬರಕೊಳ್ಳಾಕ ಬರಂಗಿಲ್ಲವ್ವಾ" ಎಂದು ಮೆತ್ತಗೆ ಹೇಳಿದರು.

ಇನ್ನಾಸಪ್ಪನವರ ಹೆಸರಿತ್ತು. ಓಟು ಹಾಕಿ ಹೊರಗೆ ಬಂದವರು ಹೆಂಡತಿಯ ಮುಖ ನೋಡದೆ ಮುಂದೆ ಮುಂದೆ ನಡೆದರು.

ಆಮೇಲೆ ಅವರು ಹಿಡಿದದ್ದು ಒಂದೇ ಹಟ. ಮತ್ತೊಮ್ಮೆ ಮನೆಗೆ ಬಂದು ಕೇಳದೆ ಯಾರ ಹೆಸರನ್ನೂ ಹೊಡೆಯಬಾರದೆಂದು ಕಾಯ್ದೆಯಾಗಬೇಕು. ಪಾದ್ರಿಗಳು ಒಪ್ಪಿ, ಭಾನುವಾರ ಪೂಜೆ ಮುಗಿದ ಮೇಲೆ ಪೀಠದ ಮುಂದೆ ನಿಂತು, "ಬಡವರ ಓಟು ಕಾಯುವ ಕಾಯ್ದೆ ಕೇಳುವುದೂ ಧರ್ಮದ ಕೆಲಸ" ಎಂದರು. ಹೈದರಾಬಾದಿನ ಹೊಸ ವಿಧಾನಸಭೆಗೆ ನಾನು ಅರ್ಜಿ ಬರೆದೆ. ಪಾದ್ರಿಗಳು ರುಜು ಹಾಕಿದರು. ಹೆಂಗಸರು ತಮ್ಮ ತಮ್ಮ ಹೆಸರು ಹೇಳಿ ಹೆಬ್ಬೆಟ್ಟು ಒತ್ತಿದರು. ವರ್ಷಗಳು ಕಳೆದರೂ ಉತ್ತರ ಬರಲಿಲ್ಲ. ಮೊದಮೊದಲು ಓಣಿಯವರು ವಿಚಾರಿಸುತ್ತಿದ್ದರು, ಬರುಬರುತ್ತ ಬಿಟ್ಟರು. ಅಷ್ಟರಲ್ಲಿ ನನಗೆ ಸಿಂಧನೂರಿಗೆ ವರ್ಗವಾಯಿತು.

ಅವರನ್ನು ಕಡೆಯ ಸಲ ಕಂಡದ್ದು ಮಸ್ಕಿಯಲ್ಲಿ, ಬಸ್ಸಿಗೆ ಕಾಯುತ್ತಿದ್ದಾಗ. ಹೈದರಾಬಾದ್ ರಾಜ್ಯ ಒಡೆದು ನಮ್ಮ ಜಿಲ್ಲೆ ಕನ್ನಡ ನಾಡಿಗೆ ಸೇರುತ್ತಿದ್ದ ದಿನಗಳು. ಅವರು ಬಹಳ ಸೊರಗಿದ್ದರು.

"ಅನ್ನಮ್ಮ ಈ ಬ್ಯಾಸಗ್ಯಾಗ ತೀರಿಕೊಂಡ್ಲ್ರಿ" ಎಂದರು. ಬಸ್ಸು ಬರುವ ದಾರಿ ನೋಡುತ್ತ ಕೇಳಿದರು: "ನಮ್ಮ ಅರ್ಜಿ ಹೈದರಾಬಾದಿಗೆ ಹೋಗಿತ್ತಲ್ರಿ. ಇನ್ನ ಆ ರಾಜ್ಯಾನ ಇರಂಗಿಲ್ಲಂತ. ಅದನ್ನ ಯಾರು ಓದ್ತಾರ್ರಿ?"

"ಬೆಂಗಳೂರಿಗೆ ಇನ್ನೊಂದು ಬರೆಯೋಣ" ಎಂದೆ.

"ಆ ಹೆಣ್ಮಕ್ಕಳ ಮುಂದ ಮತ್ತ ಹೋಗಿ ಹೆಬ್ಬೆಟ್ಟು ಒತ್ತರಿ ಅನ್ನಾಕ ನನಗ ಬಾಯಿಲ್ಲರಿ" ಎಂದರು.

ಲಿಂಗಸುಗೂರಿನ ಬಸ್ಸು ಬಂತು. ಒಳಗೆ ಜಾಗವಿರಲಿಲ್ಲ. ಬಾಗಿಲ ಸರಳು ಹಿಡಿದು ನಿಂತೇ ಹೋದರು. ಮುಂದಿನ ಚುನಾವಣೆಯ ಹೊತ್ತಿಗೆ ಅವರಿರಲಿಲ್ಲ.