ಹೆಗಲಲ್ಲೇ ಒಡೆದ ಗುಂಡು

ಸಾವಿನ ಮನೆಯಲ್ಲಿ ಬಿನಾ ಮಾಯಿಂಜಳಿಗೆ ಕೈತುಂಬ ಕೆಲಸ. ಜಾಂಬೆಜಿ ದಂಡೆಯ ನಮ್ಮ ಟೊಂಗಾ ಜನರಲ್ಲಿ ಅವಳದು ಕತ್ತೆಕಿರುಬದ ಕುಲ, ಆನೆಯ ಕುಲದವರಿಗೆ ಅಣಕದ ನೆಂಟಳು. ಆನೆಯ ಕುಲದವರು ಯಾರು ಸತ್ತರೂ ಅವರ ಬಟ್ಟೆ ತೊಟ್ಟು, ಅವರಂತೆ ನಡೆದು, ಅವರ ಜಿಪುಣತನ, ಗೊರಕೆ, ಕಳ್ಳಪ್ರೇಮ ಎಲ್ಲವನ್ನೂ ಹೆಣದ ಮುಂದೆಯೇ ಆಡಿ ತೋರಿಸುವ ಹಕ್ಕು ಅವಳದು. ಯಾರೂ ಸಿಟ್ಟಾಗುವಂತಿಲ್ಲ. ಅಳುವವರನ್ನು ನಗಿಸುವುದರಲ್ಲಿ ಅವಳಿಗೆ ಸಾಟಿ ಇರಲಿಲ್ಲ. ಸೋರೆಬುರುಡೆಯ ಹೊಗೆಕೊಳವೆ ಬಾಯಿಗಿಟ್ಟುಕೊಂಡೇ ಹುಟ್ಟಿದವಳು ಎಂದು ಅವಳನ್ನೂ ಊರು ಅಣಕಿಸುತ್ತಿತ್ತು.

ಆನೆಯ ಕುಲದ ಸಿಯಲ್ವಿಂಡಿಯನ್ನು ಕಾಡುಕೋಣ ತಿವಿದು ಕೊಂದಾಗ ಅವಳಿಗೆ ನಗಿಸುವ ಮನಸ್ಸೇ ಇರಲಿಲ್ಲ. ಅವನು ಬೇಟೆ ಶಿಬಿರದಲ್ಲಿ ಹೆಜ್ಜೆ ಹುಡುಕುವವನು. ಸಾಯುವ ಹಿಂದಿನ ಸಂಜೆ ಅವಳ ಅಂಗಳದಲ್ಲಿ ಕೂತು ಜೋಳದ ಬಿಯರ್ ಕುಡಿಯುತ್ತ, ದುಡ್ಡು ಕೊಟ್ಟು ಬೇಟೆಯಾಡಲು ಶಿಬಿರಕ್ಕೆ ಬಂದ ದೊಡ್ಡ ಮನುಷ್ಯನ ಗುಂಡುಗಳ ಬಗ್ಗೆ ಗೊಣಗಿದ್ದ. ಕೋಣಕ್ಕೆ ಹೊಡೆಯುವ ಗುಂಡಿನ ಮೂತಿ ಒಳಹೊಕ್ಕಾಗ ಅಣಬೆಯಂತೆ ಅರಳಬೇಕು, ಹಿಂಭಾಗ ಮಾತ್ರ ಗಟ್ಟಿಯಾಗಿ ಉಳಿಯಬೇಕು. ಆಗಲೇ ಅದು ಹೆಗಲ ಮೂಳೆ ಮುರಿದು, ಹೃದಯ ಸೀಳಿ, ಆಚೆ ಬದಿಯ ಚರ್ಮದವರೆಗೆ ಹೋಗುವುದು. ಆ ಮನುಷ್ಯ ತಂದದ್ದು ಜಿಂಕೆಗೆ ಹೊಡೆಯುವ ತೆಳು ಗುಂಡು. ಹೆಗಲ ಮೂಳೆಗೆ ತಾಗಿದರೆ ಅಲ್ಲೇ ಚೂರುಚೂರು. ಬಂದವರ ಗುಂಡು ನೋಡಿ, ಸರಿಯಿಲ್ಲದಿದ್ದರೆ ಬಂದೂಕು ಮುಟ್ಟಲು ಬಿಡಬಾರದೆಂಬುದು ಶಿಬಿರದ ಮುಖ್ಯ ಬೇಟೆಗಾರ ಬ್ರೆನ್ನನ್ ತಾನೇ ಮಾಡಿದ ನಿಯಮ. ಸಿಯಲ್ವಿಂಡಿ ನೆನಪಿಸಿದಾಗ ಅವನು, ದೊಡ್ಡವರ ಮನಸ್ಸು ನೋಯಿಸಬೇಡ, ಸುಮ್ಮನಿರು ಎಂದನಂತೆ.

ಮರುದಿನ ಆಗಿದ್ದೂ ಅದೇ. ಗುಂಡು ಹೆಗಲಲ್ಲೇ ಒಡೆಯಿತು. ಸಾಯದ ಕೋಣ ಮುಳ್ಳುಪೊದೆ ಹೊಕ್ಕಿತು. ಹೆಜ್ಜೆ ಹಿಡಿದು ಮುಂದೆ ಹೋದವನು ಸಿಯಲ್ವಿಂಡಿ. ದೊಡ್ಡ ಮನುಷ್ಯ ಮಾತ್ರ ಜೀಪಿನಲ್ಲಿ ಕೂತಿದ್ದ. ಆಮೇಲೆ ಬ್ರೆನ್ನನ್ ಊರಿಗೆ ಹೇಳಿ ಕಳಿಸಿದ್ದೇನು? ಸಿಯಲ್ವಿಂಡಿ ಅವಸರ ಮಾಡಿದ, ಎಚ್ಚರ ತಪ್ಪಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕಾಡಲ್ಲೇ ಆಯುಸ್ಸು ಕಳೆದವನು ಪೆದ್ದನೆಂಬ ಹೆಸರು ಹೊತ್ತು ಮಣ್ಣು ಸೇರಬೇಕೇ? ಅವನ ಹೆಂಡತಿ ಚೋಲ್ವೆ ಆ ಮಾತು ಕೇಳಿದಾಗಿನಿಂದ ತಲೆ ಎತ್ತಿರಲಿಲ್ಲ. ಗುಂಡಿ ಮುಚ್ಚುವ ಮೊದಲು ಆ ಮಾತನ್ನು ತೊಳೆಯಲೇಬೇಕೆಂದು ಬಿನಾ ಮಾಯಿಂಜ ಹಟ ತೊಟ್ಟಳು.

ಬ್ರೆನ್ನನ್ ಸಾವಿಗೆ ಬಂದ. ಕಣಿವೆಯಲ್ಲೇ ಬೆಳೆದವನು, ನಮ್ಮ ಭಾಷೆ ನಮ್ಮಷ್ಟೇ ಬಲ್ಲವನು. ಡೋಲು, ಕೊಂಬುಗಳ ನಡುವೆ ಬಿನಾ ಮಾಯಿಂಜ ಸತ್ತವನ ಹ್ಯಾಟು ತೊಟ್ಟು ಕುಣಿದಳು. ಕೋಲನ್ನೇ ಬಂದೂಕು ಮಾಡಿಕೊಂಡು ದೊಡ್ಡ ಮನುಷ್ಯನಾದಳು, ಹಲ್ಲು ಗಿಂಜುವ ಬ್ರೆನ್ನನ್ ಆದಳು. ಉಂಡೆ ಮಾಡಿದ ಒದ್ದೆ ಬೂದಿಯನ್ನು ಒಬ್ಬನ ಹೆಗಲಿಗೆಸೆದು ಗುಂಡು ಒಡೆದದ್ದನ್ನೂ ತೋರಿಸಿದಳು. ಜನ ಬಿದ್ದುಬಿದ್ದು ನಕ್ಕರು. ಬ್ರೆನ್ನನ್ ಕೂಡ ನಕ್ಕು, ಸಂಪ್ರದಾಯ ಬಲ್ಲವನಂತೆ ಅವಳಿಗೊಂದು ನಾಣ್ಯ ಎಸೆದ.

ಆಗ ಅವಳಿಗೆ ತನ್ನ ತಪ್ಪು ಹೊಳೆಯಿತು. ಅಣಕದ ನೆಂಟಳ ಮಾತಿಗೆ ಯಾರೂ ಕೋಪಿಸಿಕೊಳ್ಳುವಂತಿಲ್ಲ ನಿಜ, ಆದರೆ ಯಾರೂ ಅದನ್ನು ನಂಬಬೇಕಾಗಿಯೂ ಇಲ್ಲ. ಸತ್ಯವನ್ನು ತಾನೇ ನಗೆಯಲ್ಲಿ ಮುಳುಗಿಸಿದ್ದಳು.

ಹ್ಯಾಟು ತೆಗೆದು ಹೆಣದ ಪಕ್ಕ ಇಟ್ಟಳು. ಡೋಲಿನವರಿಗೆ ನಿಲ್ಲಿಸಲು ಕೈಮಾಡಿದಳು.

"ಆಟ ಮುಗೀತು. ಇವತ್ತಿಂದ ಆನೆ ಕುಲಕ್ಕೆ ನಾನು ನೆಂಟಳಲ್ಲ. ಬೇರೆ ಯಾರನ್ನಾದ್ರೂ ಕರ್ಕೊಳ್ಳಿ."

ಹಿರಿಯನೊಬ್ಬ, ಹೆಣದ ಮುಂದೆ ನೆಂಟಸ್ತನ ಹರಿಯುವವರುಂಟೇ, ಕೂತ್ಕೋ ಎಂದು ಗದರಿದ. ಅಜ್ಜಂದಿರ ಕಾಲದಿಂದ ಬಂದ ಹಕ್ಕನ್ನು ಹೀಗೆ ಬಿಸಾಡಿದವರನ್ನು ಯಾರೂ ಕಂಡಿರಲಿಲ್ಲ. ಅವಳು ಬ್ರೆನ್ನನ್ ಎದುರು ಹೋಗಿ ನಿಂತಳು.

"ಈಗ ನಾನು ಬರೀ ಹೆಂಗಸು. ನನ್ ಮಾತಿಗೆ ಕೋಪ ಮಾಡ್ಕೋಬಹುದು ನೀನು, ಮಾಡ್ಕೋ. ಸುಳ್ಳು ಅನ್ನೋದಾದ್ರೆ ಇವರೆಲ್ಲರ ಮುಂದೆ ಅನ್ನು. ಆ ಗುಂಡು ಕೋಣಕ್ಕೆ ಹೊಡೆಯೋ ಗುಂಡಾ?"

ಈಗ ಯಾರೂ ನಗಲಿಲ್ಲ. ನಗುವಿನ ಆಸರೆ ತಪ್ಪಿದ ಬ್ರೆನ್ನನ್ ಜನರತ್ತ ನೋಡಿದ, ನೆಲ ನೋಡಿದ.

"ಅಲ್ಲ," ಎಂದ ಕೊನೆಗೆ. "ನೋಡಿದ್ದೆ. ಸುಮ್ನಾದೆ. ಅವನು ಎಚ್ಚರ ತಪ್ಪಲಿಲ್ಲ."

ಹೆಂಗಸರ ನಡುವೆ ಚೋಲ್ವೆ ತಲೆ ಎತ್ತಿದಳು. ಗಂಡನ ಹೆಸರು ತೊಳೆದು ಬಂದಿತ್ತು. ಆದರೂ ಅವಳ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಎದ್ದು ಬಂದು, ದನಿ ಏರಿಸದೆ ಕೇಳಿದಳು.

"ಗೊತ್ತಿದ್ದೂ ಗೊತ್ತಿದ್ದೂ, ಅವನನ್ನೇ ಮುಂದೆ ಕಳಿಸಿದ್ಯಾ?"