ಅಗಸಿಯೊಳಗಿನ ದಾರಿ

ಟಪಾಲು ಸಿದ್ದರಾಯ ಅಂದರೆ ಆಲಮೇಲದಿಂದ ದೇವಣಗಾಂವದ ತನಕ ಇವತ್ತಿಗೂ ಗುರುತು ಹಿಡಿಯುತ್ತಾರೆ. ಬರೀ ಸಿದ್ದರಾಯ ಅಂದರೆ ಯಾವ ಸಿದ್ದರಾಯ ಎಂದು ಕೇಳುತ್ತಾರೆ. ಸಿಂದಗಿ ಸೀಮೆಯಲ್ಲಿ ಕಣ್ಣು ಮುಚ್ಚಿ ಕಲ್ಲು ಒಗೆದರೂ ಒಬ್ಬ ಸಿದ್ದರಾಯನಿಗೆ ತಾಗುತ್ತದೆ. ಈ ಸಿದ್ದರಾಯ ಮೂವತ್ತೊಂದು ವರ್ಷ ಆರು ಊರಿಗೆ ಟಪಾಲು ಹಂಚಿದವನು. ಒಂದು ಕರೀ ಸೈಕಲ್ಲು, ಕ್ಯಾರಿಯರಿಗೆ ಕಟ್ಟಿದ ಒಂದು ಖಾಕಿ ಚೀಲ, ಬಿಸಿಲಿಗೆ ತಲೆಗೊಂದು ಟವೆಲ್ಲು, ಅಷ್ಟೇ ಅವನ ಸರಕಾರ. ರಿಟಾಯರ್ ಆಗಿ ಐದು ವರ್ಷವಾಯಿತು, ಹೆಂಡತಿ ತಿಪ್ಪವ್ವ ತೀರಿಕೊಂಡು ನಾಲ್ಕು.

ಮಗಳು ಸುರೇಖಾ ಇಂಡಿ ಪಟ್ಟಣದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಹುಡುಗಿಯರಿಗೆ ಸೈಕಲ್ ರೇಸು ಕಲಿಸುತ್ತಾಳೆ. ಈ ಜಿಲ್ಲೆಗೆ ಸೈಕಲ್ಲಿನ ಹುಚ್ಚು ಹೊಸದಲ್ಲ, ಆದರೆ ಸುರೇಖಾಳ ಹುಚ್ಚಿಗೆ ಲೆಕ್ಕಾಚಾರ ಜಾಸ್ತಿ. ಇಂಡಿಯಿಂದ ಹೊರ್ತಿಗೆ ಹೋಗುವಾಗ ಏರು ಎಲ್ಲಿ ಶುರುವಾಗುತ್ತದೆ, ಬಸವನ ಬಾಗೇವಾಡಿ ಬಿಟ್ಟು ಮುಳವಾಡದ ಕಾಲುವೆ ದಂಡೆ ಹಿಡಿದರೆ ಗಾಳಿ ಎದುರೋ ಬೆನ್ನಿಗೋ, ಮುದ್ದೇಬಿಹಾಳದಲ್ಲಿ ರೇಸು ಇಟ್ಟರೆ ಎಷ್ಟು ದಿನ ಮೊದಲು ಆ ರಸ್ತೆ ನೋಡಿಬರಬೇಕು, ಇದೆಲ್ಲ ಅವಳು ಮೊದಲೇ ಫೋನಿನ ನಕ್ಷೆಯಲ್ಲಿ ಗೆರೆ ಎಳೆದು ಇಟ್ಟುಕೊಳ್ಳುವವಳು. ಸೈಕಲ್ಲಿನ ಹ್ಯಾಂಡಲಿಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದೊಂದು ಜಿಪಿಎಸ್ ಮೀಟರು. ಅದು ದಾರಿ ತೋರಿಸುತ್ತದೆ, ಹೋದ ದಾರಿಯನ್ನು ಬರೆದೂ ಇಡುತ್ತದೆ.

ಒಮ್ಮೆ ರಜೆಗೆ ಬಂದಾಗ ಹೊರ್ತಿಗೆ ಹೋಗಿಬಂದ ಗೆರೆಯನ್ನು ಅಪ್ಪನಿಗೆ ತೋರಿಸಿದಳು. ಸಿದ್ದರಾಯ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

"ಹಂಗಾದ್ರ ಹೋದ ದಾರಿ ಉಳೀತೈತಿ?" ಎಂದು ಕೇಳಿದ.

"ಉಳೀತೈತಿ ಅಪ್ಪ. ಎಲ್ಲಿ ಹೋದಿ, ಎಷ್ಟೊತ್ತಿಗೆ ಹೋದಿ, ಎಲ್ಲಾ."

ಆ ಮಾತು ಅವನಿಗೆ ನಾಟಿತು. ನಾಟಲು ಕಾರಣವಿತ್ತು, ಆ ಕಾರಣದ ಹೆಸರು ತಿಪ್ಪವ್ವ.

ತಿಪ್ಪವ್ವ ಲೆಕ್ಕ ಕಲಿತವಳಲ್ಲ, ಆದರೆ ಹೊತ್ತಿನ ಲೆಕ್ಕದಲ್ಲಿ ಅವಳಿಗೆ ಮೋಸ ಮಾಡಲು ಬರುತ್ತಿರಲಿಲ್ಲ. ಸೈಕಲ್ಲಿನ ದಾರಿ ಹೋಗಿ ಬರಲು ಹೆಚ್ಚೆಂದರೆ ಮೂರು ತಾಸು. ಗಂಡ ಮುಂಜಾನೆ ಒಂಬತ್ತಕ್ಕೆ ಹೊರಟರೆ ಬರುವುದು ಹೊತ್ತು ಮುಳುಗುವಾಗ. ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಳು, "ಎಲ್ಲಿದ್ರಿ ಇಷ್ಟೊತ್ತನಕ?" ಅವನು ಕಾಲು ತೊಳೆಯುತ್ತ, "ದಾರ್ಯಾಗ" ಅನ್ನುತ್ತಿದ್ದ. ಮೂವತ್ತು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಮೊದಮೊದಲು ಅವಳು ಸಿಟ್ಟಾದಳು. ಆಮೇಲೆ, ದೇವಣಗಾಂವದಾಗ ಇನ್ನೊಂದು ಮನಿ ಮಾಡೀರೇನ್ರಿ ಎಂದು ನಗೆಚಾಟಿಕೆ ಮಾಡಿದಳು. ಆ ನಗೆಚಾಟಿಕೆಯಲ್ಲಿ ಒಂದು ಮುಳ್ಳು ಇತ್ತು, ಅದು ಸಿದ್ದರಾಯನಿಗೂ ಗೊತ್ತಿತ್ತು.

ಹೇಳಬಾರದೇ ಎಂದು ನೀವು ಕೇಳಬಹುದು. ಹೇಳುವ ಹಾಗಿರಲಿಲ್ಲ. ಆ ಕಾಲದಲ್ಲಿ ಆ ಊರುಗಳಲ್ಲಿ ಟಪಾಲು ಕೊಟ್ಟರೆ ಕೆಲಸ ಮುಗಿಯುತ್ತಿರಲಿಲ್ಲ, ಓದಿ ಹೇಳಬೇಕಿತ್ತು. ಓದಿದ ಮೇಲೆ ಅತ್ತವರ ಎದುರು ತುಸು ಕೂಡ್ರಬೇಕಿತ್ತು. ಉತ್ತರ ಬರೆದುಕೊಡಬೇಕಿತ್ತು. ದೇವಣಗಾಂವದ ಶಮಶಾದಬಿಯ ಗಂಡ ಸೊಲ್ಲಾಪುರದ ಗಿರಣಿಗೆ ಹೋದವನು. ಎರಡು ವರ್ಷ ಪತ್ರ ಬರೆದ, ಆಮೇಲೆ ನಿಲ್ಲಿಸಿದ. ಹೊಸ ಪತ್ರ ಇಲ್ಲದ ದಿನ ಆಕೆ ಹಳೆಯದನ್ನೇ ತಂದು ಮುಂದೆ ಹಿಡಿಯುತ್ತಿದ್ದಳು, ಸಿದ್ದರಾಯ ಮೊದಲ ಸಲ ಓದಿದವನಂತೆ ಓದುತ್ತಿದ್ದ. ಇಂಥದ್ದನ್ನು ಮನೆಗೆ ಬಂದು ಹೆಂಡತಿಯ ಮುಂದೆ ಹೇಳಿದರೆ ಮರುದಿನ ಬಾವಿಕಟ್ಟೆಗೆ ಹೋಗುತ್ತದೆ. ಒಬ್ಬರ ಮನೆಯ ಟಪಾಲು ಇನ್ನೊಬ್ಬರ ಮನೆಯ ಮಾತಾಗಬಾರದು ಎಂದು ಅವನು ನೌಕರಿಗೆ ಸೇರಿದ ದಿನವೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದ. ಆ ಗಂಟು ತಿಪ್ಪವ್ವ ಹೋಗುವ ತನಕ ಬಿಚ್ಚಲಿಲ್ಲ. ಅವಳು ಅದೇ ಪ್ರಶ್ನೆ ಇಟ್ಟುಕೊಂಡೇ ಹೋದಳು, ಇದು ಅವನಿಗೆ ದಿನಾ ಚುಚ್ಚುತ್ತಿತ್ತು.

ಈಗ ಒಂದು ಮೀಟರು ಯಾರ ಗುಟ್ಟನ್ನೂ ಹೇಳದೆ, ಎಲ್ಲೆಲ್ಲಿ ಹೋದೆ ಎಂದಷ್ಟೇ ಬರೆದಿಡುತ್ತದಂತೆ. ತನ್ನ ಹಳೆಯ ದಾರಿಯನ್ನು ಒಮ್ಮೆ ಅದರಲ್ಲಿ ಬರೆಸಿಬಿಡಬೇಕು ಎಂದು ಹಟ ಹಿಡಿದ. ತಡಮಾಡುವ ಹಾಗೂ ಇರಲಿಲ್ಲ. ಎರಡೂ ಮೊಣಕಾಲು ಸವೆದಿದ್ದವು, ಸೋಮವಾರ ವಿಜಯಪುರದಲ್ಲಿ ಆಪರೇಶನ್ ಎಂದು ಗೊತ್ತಾಗಿತ್ತು. ಆಮೇಲೆ ಸಪಾಟು ರಸ್ತೆಯಲ್ಲಿ ತುಸು ನಡೆದಾಡಬಹುದು, ಆದರೆ ಹೊಲದ ದಾರಿಯಲ್ಲಿ ಅಡ್ಡದಂಡಿಯ ಸೈಕಲ್ಲು ಹತ್ತಿ ಇಳಿಯುವುದನ್ನು ಮರೆತುಬಿಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಸುರೇಖಾ ಬೇಡವೆಂದಳು, ಜಗಳವಾಡಿದಳು, ಕಡೆಗೆ ಶನಿವಾರ ಮುಂಜಾನೆ ತಾನೇ ಆ ಕರೀ ಸೈಕಲ್ಲಿಗೆ ಮೀಟರು ಕಟ್ಟಿಕೊಟ್ಟಳು.

ಸಿದ್ದರಾಯ ನಿಧಾನ ತುಳಿಯುತ್ತ ಹೋದ. ಜೋಳದ ಹೊಲಗಳಲ್ಲಿ ಅರ್ಧಕ್ಕರ್ಧ ಈಗ ಕಬ್ಬು ನಿಂತಿತ್ತು. ಮೊದಲ ಊರಿನ ಅಗಸಿ ಬಂತು. ಅವನು ಸೈಕಲ್ಲಿನಿಂದ ಇಳಿದ.

ಊರಿನ ಹೆಬ್ಬಾಗಿಲಿಗೆ ನಮ್ಮ ಕಡೆ ಅಗಸಿ ಅನ್ನುತ್ತಾರೆ. ಅಗಸಿಯಲ್ಲಿ ಸೈಕಲ್ಲು ಇಳಿದು, ಕೈಯಲ್ಲಿ ಹಿಡಿದು, ಊರು ದಾಟುವ ತನಕ ನಡೆದೇ ಹೋಗುವುದು ಆಗಿನ ರೀತಿ. ಕಟ್ಟೆಯ ಮೇಲೆ ಹಿರಿಯರಿರುತ್ತಾರೆ, ದೇವರಿರುತ್ತಾನೆ, ಅವರ ಮುಂದೆ ಮೇಲೆ ಕೂತು ಹೋಗುವುದು ಸೊಕ್ಕು. ಈಗ ಹಾರ್ನ್ ಹೊಡೆದುಕೊಂಡು ಮೋಟಾರ್ ಸೈಕಲ್ಲುಗಳು ನುಗ್ಗುತ್ತವೆ, ದೇವರೇ ಬದಿಗೆ ಸರಿಯಬೇಕು. ಸಿದ್ದರಾಯ ಕೆಲಸಕ್ಕೆ ಸೇರಿದ ಮೊದಲ ವಾರ ಅವಸರದಲ್ಲಿ ಇಳಿಯದೆ ಹೋಗಿದ್ದ. ಕಟ್ಟೆಯ ಮೇಲಿದ್ದ ರಾಚಪ್ಪಗೌಡ ಎಂಬ ಮುದುಕ ಕೂಗಿ ನಿಲ್ಲಿಸಿ, "ಟಪಾಲ ಕೊಡಾಕ ಬಂದೀಯೋ, ತಗೊಂಡು ಓಡಾಕತ್ತೀಯೋ?" ಎಂದು ಕೇಳಿದ. ಆವತ್ತು ಇಳಿದವನು ಮೂವತ್ತೊಂದು ವರ್ಷ ಯಾವ ಅಗಸಿಯಲ್ಲೂ ಮೇಲೆ ಕೂತು ಹೋದವನಲ್ಲ. ಮೊಣಕಾಲು ಹಲ್ಲು ಕಚ್ಚಿಸುವಷ್ಟು ನೋಯುತ್ತಿದ್ದರೂ ಇವತ್ತು ತಪ್ಪಿಸಲಿಲ್ಲ.

ಅವನು ಇಳಿದದ್ದೇ ಮೀಟರು ಪೀಂ ಎಂದಿತು. ಊರು ಬಂತೆಂದು ಬರೆದುಕೊಂಡಿತು ಎಂದು ಸಿದ್ದರಾಯನಿಗೆ ಖುಷಿಯಾಯಿತು. ಜಾಣ ಯಂತ್ರ, ಅದಕ್ಕೂ ಅಗಸಿಯ ಮರ್ಯಾದೆ ಗೊತ್ತಿದೆ ಅಂದುಕೊಂಡ. ಆರೂ ಊರಿನಲ್ಲಿ ಆರು ಸಲ ಅದು ಪೀಂ ಎಂದಿತು, ಆರು ಸಲವೂ ಅವನು ತಲೆಯಾಡಿಸಿದ.

ಹಳೆಯ ಮನೆಗಳನ್ನೆಲ್ಲ ಮುಟ್ಟಿದ. ಕೆಲವು ಬಿದ್ದಿದ್ದವು, ಕೆಲವು ಸ್ಲ್ಯಾಬ್ ಹಾಕಿಸಿಕೊಂಡು ಗುರುತು ಹತ್ತದಂತಾಗಿದ್ದವು. ಅವುಗಳ ಮುಂದೆಯೂ ಸೈಕಲ್ಲು ನಿಲ್ಲಿಸಿ, ಯಾರ ಹೆಸರಿನ ಟಪಾಲು ಇಲ್ಲಿ ಬರುತ್ತಿತ್ತು ಎಂದು ನೆನೆದು ಮುಂದೆ ಹೋದ. ಕೊನೆಗೆ ದೇವಣಗಾಂವದಲ್ಲಿ ಶಮಶಾದಬಿಯ ಅಂಗಳ. ಆಕೆಗೆ ಕಣ್ಣು ಮಂದವಾಗಿತ್ತು, ಸೈಕಲ್ಲಿನ ಸದ್ದಿಗೇ ಗುರುತು ಹಿಡಿದಳು. ಚಹಾ ಕೊಟ್ಟು, "ಟಪಾಲ ಇಲ್ದ ಬಂದೀರಿ ಅಂದ್ರ ಇವತ್ತ ನಿಮ್ಮದ ಏನೋ ಸುದ್ದಿ ಐತಿ, ಅಣ್ಣಾರ" ಎಂದಳು. ಅವನು ಮೊಣಕಾಲಿನ ಸುದ್ದಿ ಹೇಳಿದ. ಈ ಸಲ ಸುಮ್ಮನೆ ಕೂತು ಕೇಳಿದವಳು ಅವಳು.

ಮನೆ ಮುಟ್ಟಿದಾಗ ಸಂಜೆ ಆರು. ಕಾಲು ಬಾತು ಕಂಬವಾಗಿದ್ದವು, ಮುಖ ಮಾತ್ರ ಹಬ್ಬದಂತಿತ್ತು. ಸುರೇಖಾ ಮೀಟರಿನ ದಾರಿಯನ್ನು ಫೋನಿಗೆ ಇಳಿಸಿದಳು. ಸಿದ್ದರಾಯ ಕನ್ನಡಕ ಒರೆಸಿಕೊಂಡು ಬಗ್ಗಿದ. ಬರೆದ ಸಮಯ ಮೂರು ತಾಸು ಐದು ನಿಮಿಷ. ಹೊಲದ ದಾರಿಯೆಲ್ಲ ಅಂಕುಡೊಂಕಾಗಿ ಚಂದ ಬಂದಿತ್ತು. ಊರು ಬಂದಲ್ಲೆಲ್ಲ ಗೆರೆ ಈ ಅಗಸಿಯಿಂದ ಆಚೆಯ ಹೊಲಕ್ಕೆ ಅಡಿಪಟ್ಟಿ ಇಟ್ಟು ಎಳೆದಂತೆ ನೆಟ್ಟಗೆ ಹಾರಿಹೋಗಿತ್ತು. ಒಂದು ಓಣಿಯಿಲ್ಲ, ಒಂದು ಅಂಗಳವಿಲ್ಲ.

ಸುರೇಖಾ ಮೀಟರಿನ ಸೆಟ್ಟಿಂಗ್ ತೆರೆದು ನೋಡಿದಳು. ತಪ್ಪು ಅವಳದೇ. ರೇಸಿನ ಹುಡುಗಿಯರು ದನ ಅಡ್ಡ ಬಂದಾಗ ನಿಂತರೆ ಆ ಹೊತ್ತು ಲೆಕ್ಕಕ್ಕೆ ಬರಬಾರದು ಎಂದು, ವೇಗ ಗಂಟೆಗೆ ಆರು ಕಿಲೋಮೀಟರಿಗಿಂತ ಇಳಿದರೆ ಬರೆಯುವುದನ್ನೇ ನಿಲ್ಲಿಸುವಂತೆ ಅವಳು ಮೀಟರನ್ನು ಹೊಂದಿಸಿಟ್ಟಿದ್ದಳು. ಸೈಕಲ್ಲು ಹಿಡಿದು ನಡೆಯುವವನ ವೇಗ ಅದರ ಅರ್ಧ. ಆ ಪೀಂ ಎಂಬುದು ನಮಸ್ಕಾರವಲ್ಲ, ನಿದ್ದೆಗೆ ಹೋಗುವ ಸದ್ದು.

ಸಿದ್ದರಾಯ ಬೈಯಲಿಲ್ಲ. "ನಿಮ್ಮವ್ವನ ಲೆಕ್ಕಕ್ಕ ಸರಿ ಆತು ನೋಡು. ಮೂರ ತಾಸಂತ ಆಕಿ ಹೇಳ್ತಿದ್ಲು" ಎಂದ. ನಗಲು ನೋಡಿದ, ನಗು ಬರಲಿಲ್ಲ. ಆಗ ಮೊದಲ ಸಲ ಮಗಳಿಗೆ ಎಲ್ಲ ಹೇಳಿದ: ಅವ್ವನ ಪ್ರಶ್ನೆ, ತನ್ನ ಉತ್ತರ, ಇದು ಯಾಕೆ ಬೇಕಿತ್ತು ಎಂಬುದು. ಯಾರ ಮನೆಯಲ್ಲಿ ಏನು ಓದಿದೆ ಎಂಬುದನ್ನು ಮಾತ್ರ ಈಗಲೂ ಹೇಳಲಿಲ್ಲ. ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ.

ಭಾನುವಾರ ಮುಂಜಾನೆ ಅವನು ಎದ್ದು ನೋಡಿದರೆ ಸುರೇಖಾ ತನ್ನ ರೇಸಿನ ಸೈಕಲ್ಲು ಬಿಟ್ಟು ಆ ಕರೀ ಸೈಕಲ್ಲಿನ ಗಾಲಿಗೆ ಗಾಳಿ ತುಂಬುತ್ತಿದ್ದಳು. ಮೀಟರಿನ ಆ ಸೆಟ್ಟಿಂಗ್ ತೆಗೆದಿದ್ದಳು. ಮನೆಗಳ ಹೆಸರು ಹೇಳು ಎಂದಳು. ಅವನು ಬೇಡವೆಂದ, ಆಮೇಲೆ ಒಂದೊಂದೇ ಹೇಳಿದ, ಅವಳು ಕೈಮೇಲೆ ಪೆನ್ನಿನಿಂದ ಬರೆದುಕೊಂಡಳು. ಅಗಸಿಯಲ್ಲಿ ಇಳಿಯಬೇಕು ಎಂದು ಎರಡು ಸಲ ಹೇಳಿದ.

ಅವಳ ಕಾಲಿಗೆ ಆ ದಾರಿ ಎರಡು ತಾಸಿನದು. ಹನ್ನೆರಡಕ್ಕೆ ಬಂದಾಳು ಎಂದು ಸಿದ್ದರಾಯ ಅನ್ನ ಮಾಡಿಟ್ಟ. ಒಂದಾಯಿತು, ಮೂರಾಯಿತು. ಫೋನು ಮಾಡಿದರೆ ಎತ್ತಲಿಲ್ಲ. ನಾಲ್ಕಕ್ಕೆ ಹೊಸ್ತಿಲಿಗೆ ಬಂದು ನಿಂತ, ಬಾತ ಕಾಲಿನಲ್ಲಿ ಒಳಗೆ ಹೊರಗೆ ಮಾಡಿದ. ಬಿದ್ದಳೋ, ಪಂಕ್ಚರೋ, ಯಾರ ಮನೆಯಲ್ಲಿ ಏನು ಅಂದರೋ ಎಂದು ಇಲ್ಲದ್ದೆಲ್ಲ ಮನಸ್ಸಿಗೆ ಬಂತು. ಹೊತ್ತು ಮುಳುಗುವಾಗ ಓಣಿಯ ತಿರುವಿನಲ್ಲಿ ಸೈಕಲ್ಲಿನ ಸದ್ದು ಕೇಳಿತು. ಅವಳು ಅಲ್ಲೇ ಇಳಿದು, ಸೈಕಲ್ಲು ಕೈಯಲ್ಲಿ ಹಿಡಿದು ನಡೆದು ಬಂದಳು. ಕಣ್ಣು ಕೆಂಪಾಗಿದ್ದವು, ಅತ್ತದ್ದು ತಿಳಿಯುತ್ತಿತ್ತು.

"ಎಲ್ಲಿದ್ದಿ ಇಷ್ಟೊತ್ತನಕ?" ಎಂದು ಅವನು ಸಿಡುಕಿದ.

ಸುರೇಖಾ ಸೈಕಲ್ಲು ಗೋಡೆಗೆ ಆನಿಸಿದಳು. ಹ್ಯಾಂಡಲಿನಿಂದ ಮೀಟರು ಬಿಚ್ಚಿ ಅಪ್ಪನ ಕೈಗೆ ಕೊಟ್ಟು, ಕಾಲು ತೊಳೆಯಲು ಬಚ್ಚಲಿನ ಕಡೆ ಹೋಗುತ್ತ ಹೇಳಿದಳು.

"ದಾರ್ಯಾಗ, ಅಪ್ಪ."

ಅವನು ಮುಂದೆ ಏನನ್ನೂ ಕೇಳಲಿಲ್ಲ. ಕೇಳಬೇಕೆಂದು ಜೀವ ಹಾರುತ್ತಿತ್ತು. ತಿಪ್ಪವ್ವ ಮೂವತ್ತು ವರ್ಷ ಇದೇ ಹೊಸ್ತಿಲಲ್ಲಿ ಹೀಗೆ ನಿಂತಿದ್ದಳು ಎಂಬುದು ಈಗ ಅವನಿಗೆ ತಿಳಿಯಿತು. ಮೀಟರನ್ನು ಎರಡೂ ಕೈಯಲ್ಲಿ ಹಿಡಿದು ಅವಳು ನಿಲ್ಲುತ್ತಿದ್ದ ಜಾಗದಲ್ಲೇ ಕೂತ.